ರಬ್ಬರ್ ಕೈ

ಮೌನೇಶ ಪತ್ತಾರ ಲ್ಯಾಪ್‌ಟಾಪ್ ಅಂಗಡಿಯಿಂದ ಬರಿಗೈಯಲ್ಲಿ ಹೊರಬಿದ್ದದ್ದು ಇದು ಮೂರನೆಯ ಸಲ. ಮೊದಲ ಎರಡು ಸಲವೂ ಹೆಂಡತಿ ಕಮಲಾಕ್ಷಿ ಅಂಗಡಿಯ ಮೆಟ್ಟಿಲ ಮೇಲೆಯೇ ನಿಂತು ಜಗಳ ತೆಗೆದಿದ್ದಳು. ಈ ಸಲ ನೇರ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಬಸ್ಸಿನಲ್ಲಿ ಗಂಡನ ಪಕ್ಕದ ಸೀಟು ಖಾಲಿಯಿದ್ದರೂ ಮುಂದೆ ಹೋಗಿ ಹೆಂಗಸರ ಸೀಟಿನಲ್ಲಿ ಕೂತಳು. ಮಗಳು ಅಂಬಿಕಾ ಅಪ್ಪನ ಇನ್ನೊಂದು ಬದಿಗೆ ಕಿಟಕಿಯ ಪಕ್ಕ ಕೂತು, ಗಾಜಿಗೆ ಹಿಡಿದ ಧೂಳಿನಲ್ಲಿ ಎಡಗೈ ಬೆರಳಿನಿಂದ ಬರೆಯುತ್ತಿದ್ದಳು. ಹಳೇ ಹುಬ್ಬಳ್ಳಿಯಿಂದ ಗೋಕುಲ ರಸ್ತೆಯವರೆಗೂ ಅವಳು ಬರೆದದ್ದು ಒಂದೇ ಅಕ್ಷರ, ‘ಖ’. ಬರೆಯುವುದು, ಅಳಿಸುವುದು, ಹೊಟ್ಟೆಯನ್ನು ಇನ್ನಷ್ಟು ದುಂಡಗೆ ಮಾಡಿ ಮತ್ತೆ ಬರೆಯುವುದು.

“ಹನ್ನೊಂದು ಮಿಲಿಸೆಕೆಂಡ್,” ಎಂದ ಮೌನೇಶ, ಯಾರೂ ಕೇಳದಿದ್ದರೂ. “ಈ ಹನ್ನೆರಡನೇ ಆವೃತ್ತಿ ಎಡಗೈಗೆ ಹನ್ನೊಂದು ಮಿಲಿಸೆಕೆಂಡ್ ತಡಾ ಮಾಡತೈತಿ. ನಾನೇ ಅಳದೇನಿ. ಬಲಗೈಯವರಿಗೆ ನಡೀತೈತಿ, ನಿನಗ ಬ್ಯಾಡವಾ. ಹದಿಮೂರನೇದು ಬರಲಿ.”

“ಹ್ಞೂಂ,” ಎಂದಳು ಅಂಬಿಕಾ. ಅವಳಿಗೆ ಆಗ ಹದಿನೇಳು ದಾಟಿ ಮೂರು ತಿಂಗಳು.

ಈ ಲ್ಯಾಪ್‌ಟಾಪನ್ನು ಅಜ್ಜಂದಿರ ಕಾಲದ ಲ್ಯಾಪ್‌ಟಾಪಿಗೆ ಹೋಲಿಸಬಾರದು. ಹೆಸರೊಂದು ಉಳಿದುಕೊಂಡಿತ್ತು, ಅಷ್ಟೇ. ಇದಕ್ಕೆ ಗುಂಡಿಗಳಿರಲಿಲ್ಲ. ತೆರೆದರೆ ಒಂದು ಪರದೆ, ಅದರ ಮುಂದೆ ಅಂಗೈ ಊರಲು ಎರಡು ತಗ್ಗು. ಕೈಯಿಟ್ಟರೆ ಮಣಿಕಟ್ಟಿನ ನರಗಳಲ್ಲಿ ಓಡುವ ಸಣ್ಣ ಸಣ್ಣ ಸಂಕೇತಗಳನ್ನು ಅದು ಓದುತ್ತಿತ್ತು. ದಿನಕ್ಕೆ ನಾಲ್ಕು ತಾಸಿನಂತೆ ನಲವತ್ತೆಂಟು ದಿನ, ಅಂದರೆ ಒಂದು ಮಂಡಲ ಕೂತರೆ, ಯಂತ್ರ ಕೈಯನ್ನು ಕಲಿಯುತ್ತಿತ್ತು, ಮಿದುಳು ಯಂತ್ರವನ್ನು ಕಲಿಯುತ್ತಿತ್ತು. ಇದಕ್ಕೆ ಒಗ್ಗುವುದು ಎಂದು ಹೆಸರು. ಒಗ್ಗಿದವನು ಒಂದು ಗೆರೆಯನ್ನು ನೆನೆದರೆ ಸಾಕು, ಪರದೆಯ ಮೇಲೆ ಗೆರೆ. ವಾಕ್ಯ ಮನಸ್ಸಿನಲ್ಲಿ ಅರ್ಧ ಮೂಡುವಷ್ಟರಲ್ಲಿ ಅಲ್ಲಿ ಪೂರ್ತಿ ನಿಂತಿರುತ್ತಿತ್ತು. ಓದು, ಉದ್ಯೋಗ, ಬ್ಯಾಂಕು, ಕಚೇರಿ ಎಲ್ಲವೂ ಅದರ ಮೇಲೆಯೇ ನಡೆಯುತ್ತಿದ್ದವು.

ತೊಡಕಿದ್ದದ್ದು ಒಂದೇ. ಮಿದುಳು ಒಗ್ಗುವುದು ಜನ್ಮಕ್ಕೆ ಒಂದು ಸಲ. ಹದಿನಾರು ತುಂಬುವ ಮೊದಲು ಒಗ್ಗಿಸುವುದಕ್ಕೆ ಕಾನೂನಿನ ಅಡ್ಡಿ, ಇಪ್ಪತ್ತರ ಆಚೆಗೆ ಒಗ್ಗುವಷ್ಟು ಶಕ್ತಿ ಉಳಿಯುವುದಿಲ್ಲ. ಒಂದಕ್ಕೆ ಒಗ್ಗಿದವನನ್ನು ಇನ್ನೊಂದರ ಮುಂದೆ ಕೂರಿಸಿದರೆ ಕೈ ನಡುಗಿ, ನಾಲಿಗೆ ತೊದಲಿ, ವಾಂತಿಯಾಗಿ ಏಳುತ್ತಿದ್ದ. ಯಂತ್ರ ಕೆಟ್ಟರೆ ರಿಪೇರಿಯುಂಟು, ಒಡೆದರೆ ಅದೇ ಆವೃತ್ತಿಯ ಬೇರೊಂದುಂಟು. ಆದರೆ ಹನ್ನೊಂದನೆಯದಕ್ಕೆ ಒಗ್ಗಿದವರು ಸಾಯುವತನಕ ಹನ್ನೊಂದನೆಯವರೇ. ಮದುವೆ ಮನೆಗಳಲ್ಲಿ ಹೆಂಗಸರು ಹುಡುಗನ ಗೋತ್ರಕ್ಕೆ ಮುಂಚೆ “ಎಷ್ಟನೇದು?” ಎಂದು ಕೇಳುತ್ತಿದ್ದರು. ನೌಕರಿಯ ಜಾಹೀರಾತುಗಳಲ್ಲಿ “ಹತ್ತು ಮತ್ತು ಮೇಲ್ಪಟ್ಟವರು ಮಾತ್ರ” ಎಂದಿರುತ್ತಿತ್ತು.

ಹೀಗಾಗಿ ಊರಿಗೆ ಊರೇ ಕಾಯುವ ಚಟಕ್ಕೆ ಬಿದ್ದಿತ್ತು. ಈಗ ಕೊಂಡರೆ ನಾಳೆ ಬರುವ ಒಳ್ಳೆಯದು ತಪ್ಪಿತು. ಕಾದರೆ ಹುಡುಗರ ವಯಸ್ಸು ಸರಿಯಿತು. ಮೊದಲೆಲ್ಲ ಹೊಸ ಆವೃತ್ತಿಗೆ ಗೊತ್ತಾದ ಕಾಲವಿರಲಿಲ್ಲ, ಈಚೆಗೆ ಎರಡು ವರ್ಷಕ್ಕೊಮ್ಮೆ ಬರುತ್ತಿತ್ತು, ಅದು ಬಂದ ಮರುದಿನವೇ ಮುಂದಿನದರ ಸುದ್ದಿ. ಪೇಪರಿನಲ್ಲಿ ಸಲಹೆ ಕೊಡುವವರು, ಕುಂಡಲಿ ಹಿಡಿದು ಆವೃತ್ತಿ ಹೇಳುವವರು, ಕಾದು ಕೆಟ್ಟವರು, ಕಾಯದೆ ಕೆಟ್ಟವರು, ಎಲ್ಲರೂ ಇದ್ದರು. ನೆಮ್ಮದಿಯಿಂದ ಕೊಂಡವರು ಮಾತ್ರ ಯಾರೂ ಇರಲಿಲ್ಲ.

ಮೌನೇಶನದು ಕಾಯದೆ ಕೆಟ್ಟವರ ಪೈಕಿ. ಇಪ್ಪತ್ತಾರು ವರ್ಷದ ಹಿಂದೆ, ನಾಲ್ಕನೆಯ ಆವೃತ್ತಿ ಅಂಗಡಿಗೆ ಬಂದ ದಿನವೇ ಸಾಲಿನಲ್ಲಿ ಎರಡನೆಯವನಾಗಿ ನಿಂತು ತಂದಿದ್ದ. ಎಂಟು ತಿಂಗಳಿಗೆ ಐದನೆಯದು ಬಂತು. ಯಂತ್ರದ ಚಿತ್ರವನ್ನು ಎಲ್ಲ ದಿಕ್ಕಿನಿಂದ ತಿರುಗಿಸಿ ನೋಡುವ ಸೌಲಭ್ಯ ಅದಕ್ಕಿತ್ತು, ನಾಲ್ಕನೆಯದಕ್ಕೆ ಇರಲಿಲ್ಲ. ಅವನ ಜೊತೆ ಎಂಜಿನಿಯರಿಂಗ್ ಓದಿದವರು ಯಂತ್ರಗಳನ್ನು ರೂಪಿಸುವವರಾದರು. ಇವನು ಅವರು ರೂಪಿಸಿದ್ದರಲ್ಲಿ ತಪ್ಪು ಹುಡುಕುವವನಾದ. ಎಂಟು ತಿಂಗಳು ತಡೆದುಕೊಂಡಿದ್ದರೆ ಎಂಬ ಒಂದೇ ಮಾತನ್ನು ಇಪ್ಪತ್ತಾರು ವರ್ಷ ಮನಸ್ಸಿನಲ್ಲಿ ಅಗಿದಿದ್ದಾನೆ. ಅಂಥವನ ಕೈಗೆ ಮಗಳ ಯಂತ್ರ ಆರಿಸುವ ಕೆಲಸ ಬಿದ್ದಿತ್ತು.

ಅವನು ಕೆಲಸ ಮಾಡುತ್ತಿದ್ದದ್ದು ಊರಾಚೆ ಈ ಲ್ಯಾಪ್‌ಟಾಪುಗಳನ್ನು ತಯಾರಿಸುವ ‘ಅನುಗತ’ ಕಂಪನಿಯ ಪರೀಕ್ಷಾ ಕೋಣೆಯಲ್ಲಿ. ಹೊರಗೆ ಎಷ್ಟೇ ಬಿಸಿಲಿರಲಿ ಒಳಗೆ ಸ್ವೆಟರ್ ಬೇಕಾಗುವಷ್ಟು ತಂಪು. ಹನ್ನೆರಡು ಮೇಜು, ಪ್ರತಿ ಮೇಜಿನ ಮೇಲೆ ಒಂದು ಜೊತೆ ರಬ್ಬರ್ ಕೈ. ಮಣಿಕಟ್ಟಿನವರೆಗೆ ಮಾತ್ರ ಇದ್ದ ಆ ಕೈಗಳೊಳಗೆ ತಂತಿಗಳಿದ್ದವು. ಸ್ವಿಚ್ಚು ಒತ್ತಿದರೆ ಮೈಬಿಸಿಯಷ್ಟು ಕಾವು ಏರಿ, ಮನುಷ್ಯನ ನರಗಳಂತೆಯೇ ಸಂಕೇತ ಕೊಡುತ್ತಿದ್ದವು. ಹೊಸ ಯಂತ್ರ ಬಂದಾಗ ಅದರ ತಗ್ಗಿನಲ್ಲಿ ಈ ಕೈಗಳನ್ನು ಊರುವುದು, ಸಂಕೇತ ಕೊಟ್ಟ ಕ್ಷಣಕ್ಕೂ ಪರದೆಯ ಮೇಲೆ ಗೆರೆ ಮೂಡುವ ಕ್ಷಣಕ್ಕೂ ನಡುವಿನ ಅಂತರ ಅಳೆಯುವುದು, ಬರೆದಿಡುವುದು. ಬರೆಯುವುದು ಕಾಗದದ ಮೇಲೆ, ಪೆನ್ನಿನಲ್ಲಿ. ಒಗ್ಗಿದ ಯಂತ್ರದಲ್ಲಿ ಬರೆಯಹೋದರೆ ಪರೀಕ್ಷಕ ಏನನ್ನು ನಿರೀಕ್ಷಿಸುತ್ತಿದ್ದಾನೋ ಅದನ್ನೇ ಮೊದಲು ಬರೆದುಬಿಡುತ್ತದೆಂದು ಕಂಪನಿಗೇ ತನ್ನ ಮಾಲಿನ ಮೇಲೆ ನಂಬಿಕೆ ಇರಲಿಲ್ಲ. ಅಚ್ಚು ಹಾಕಿದ ಫಾರಮ್ಮಿನ ಮೊದಲ ಸಾಲು: “ಕೈ: ರಬ್ಬರ್.”

ಮನುಷ್ಯರ ಕೈ ಯಾಕಿಲ್ಲವೆಂದರೆ, ಮನುಷ್ಯ ಒಂದೇ ಸಲಕ್ಕೆ ಮುಗಿದುಹೋಗುತ್ತಾನೆ. ಒಗ್ಗಿದವನ ಕೈ ಬೇರೆ ಯಂತ್ರಕ್ಕೆ ಬಾರದು, ಒಗ್ಗದ ಹುಡುಗರನ್ನು ಪರೀಕ್ಷೆಗೆ ಕೂರಿಸಿದರೆ ಅವರ ಜನ್ಮದ ಅವಕಾಶವೇ ಹೋಯಿತು. ರಬ್ಬರ್ ಕೈಗೆ ಆ ತಾಪತ್ರಯವಿಲ್ಲ. ಸೋಮವಾರ ಹೇಗಿತ್ತೋ ಶನಿವಾರವೂ ಹಾಗೇ. ಮೌನೇಶ ಇಪ್ಪತ್ತೆರಡು ವರ್ಷದಿಂದ ಆರನೇ ಮೇಜಿನ ಅದೇ ಜೊತೆಯನ್ನು ಬಳಸುತ್ತಿದ್ದ. ಬೆಳಿಗ್ಗೆ ಬಂದವನು ಮೊದಲು ಅದರ ಬೆರಳುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ವಿಭಾಗದ ಮುಖ್ಯಸ್ಥೆ ಸುನಂದಾ ದೇಸಾಯಿ “ಏನ್ರೀ ಪತ್ತಾರ, ಸಾಹೇಬರ ಕೈ ತೊಳದ್ರೇನು?” ಎಂದು ಚೇಷ್ಟೆ ಮಾಡುತ್ತಿದ್ದಳು. ಸಾಹೇಬರ ಕೈ ಸುಳ್ಳು ಹೇಳುವುದಿಲ್ಲ ಎಂಬುದು ಅವನ ಹೆಮ್ಮೆ. ಹನ್ನೆರಡನೆಯ ಆವೃತ್ತಿಯ ಎಡಗೈ ದೋಷವನ್ನು ಇಡೀ ಕಂಪನಿಯಲ್ಲಿ ಮೊದಲು ಹಿಡಿದದ್ದು ಆರನೇ ಮೇಜೇ. ಅದಕ್ಕೆ ‘ದೋಷ ಏಳು’ ಎಂದು ಸಂಖ್ಯೆ ಬಿದ್ದಿತ್ತು. ಮೌನೇಶ ಎಷ್ಟು ಜಗಳಾಡಿದರೂ, ಇಂಥ ಸಣ್ಣ ಕಾರಣಕ್ಕೆ ಮಾರಾಟ ನಿಲ್ಲಿಸಲಾಗದೆಂದು ಮೇಲಿನವರು ಯಂತ್ರವನ್ನು ಅಂಗಡಿಗೆ ಬಿಟ್ಟಿದ್ದರು.

ಬಿಟ್ಟರೆ ಬಿಟ್ಟುಕೊಳ್ಳಲಿ, ತನ್ನ ಮನೆಗೆ ಮಾತ್ರ ಬಿಟ್ಟುಕೊಳ್ಳುವವನಲ್ಲ ಅವನು. ಅಂಬಿಕಾಳ ಕೈಯ ಕಥೆ ಹಾಗಿತ್ತು. ಅವಳ ಸೋದರಮಾವ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಕೊನೆಯವರಲ್ಲೊಬ್ಬ. ಅವನಿಂದ ಆರನೇ ವಯಸ್ಸಿಗೆ ಬ್ರಶ್ಶು ಹಿಡಿದವಳು ಕೆಳಗಿಟ್ಟಿರಲಿಲ್ಲ. ಮೈಸೂರಿನ ಒಂದು ಕಾಲೇಜಿನಲ್ಲಿ ಅಕ್ಷರ ರೂಪಿಸುವ ಮೂರು ವರ್ಷದ ಓದಿತ್ತು. ಪುಸ್ತಕಕ್ಕೆ, ಪರದೆಗೆ, ಊರ ಹೆಸರಿನ ಫಲಕಕ್ಕೆ ಹೊಸ ಕನ್ನಡ ಅಕ್ಷರಗಳನ್ನು ಕಟ್ಟುವ ಓದು. ಅವಳು ಕಳಿಸಿದ ಹಾಳೆಗಳನ್ನು ನೋಡಿ ಕಾಲೇಜಿನವರು ಸೀಟು ಕಾದಿಟ್ಟಿದ್ದರು. ಷರತ್ತು ಒಂದೇ, ಹತ್ತೊಂಬತ್ತು ತುಂಬುವುದರೊಳಗೆ ಒಗ್ಗಿ ಬರಬೇಕು. ಹತ್ತಾಗಲಿ ಹನ್ನೆರಡಾಗಲಿ, ಎಷ್ಟನೆಯದಾದರೂ ನಡೆದೀತು. ಖಾಲಿ ಕೈ ಮಾತ್ರ ನಡೆಯದು.

“ಹನ್ನೊಂದು ಮಿಲಿಸೆಕೆಂಡ್ ಅಂದ್ರ ಎಷ್ಟ್ ಹೊತ್ರೀ ಅದು?” ಎಂದು ಕಮಲಾಕ್ಷಿ ಕೊನೆಗೂ ಬಾಯಿಬಿಟ್ಟದ್ದು ಮರುದಿನ ಮಧ್ಯಾಹ್ನ, ಊಟಕ್ಕೆ ಬಡಿಸುತ್ತ. ಅವಳು ಒಂದು ಆಸ್ಪತ್ರೆಯ ರಕ್ತನಿಧಿಯಲ್ಲಿ ಟೆಕ್ನೀಶಿಯನ್ ಆಗಿದ್ದಳು. ಪಾಳಿ ಮುಗಿಸಿ ಬಂದವಳ ಕೈ ಇನ್ನೂ ಸ್ಪಿರಿಟ್ ನಾರುತ್ತಿತ್ತು.

“ಕಣ್ಣ ರೆಪ್ಪಿ ಬಡಿಯೂದರಾಗ ಹತ್ತನೇ ಒಂದು ಪಾಲು.”

“ಅಷ್ಟಕ್ಕ ಹುಡುಗಿನ್ನ ಕೂಡಿಸಿಗೊಂಡು ಕುಂತೀರೇನು?”

“ಅಷ್ಟಕ್ಕ ಅಂದ್ರ? ಜೀವನಾಪೂರ್ತಿ ಅಕಿ ಗೆರಿ ಎಳದಾಗೆಲ್ಲ ಹಿಂದ ಹಿಂದ ಬರತೈತಿ ಅದು. ಬೆರಳಿಗೆ ಕಲ್ಲು ಕಟ್ಟಿದಂಗ. ನಾ ಅನುಭವಿಸಿದ್ದು ಸಾಕಾಗೇತಿ, ಅಕಿಗೂ ಬೇಕೇನು?”

“ನಮ್ಮಲ್ಲಿ ರಕ್ತ ಬೇಕಂತ ಬಂದೋರು, ಮುಂದಿನ ವರ್ಷ ಇನ್ನೂ ಛಲೋ ರಕ್ತ ಬರತೈತಂತ ಹೊಳ್ಳಿ ಹೋಗೂದಿಲ್ರೀ. ಗುಂಪು ಕೂಡಿದ್ರ ಸಾಕು, ಏರಸ್ತಾರು. ಬಾಟಲಿಗೂ ತಾರೀಖು ಇರತೈತಿ, ಪೇಶೆಂಟಿಗೂ ತಾರೀಖು ಇರತೈತಿ.”

“ತಾರೀಖು ನನಗೂ ಗೊತ್ತೈತಿ.” ಮೌನೇಶ ಎದ್ದು ಹೋಗಿ ಕಪಾಟಿನಿಂದ ಒಂದು ಹಾಳೆ ತಂದ. ಪರೀಕ್ಷಾ ಕೋಣೆಯ ಗೋಡೆಯ ಮೇಲೆ ಅಂಟಿಸಿದ್ದ ನಕ್ಷೆಯನ್ನು ಅವನೇ ನಕಲು ಮಾಡಿಕೊಂಡದ್ದು. ಒಗ್ಗುವ ಶಕ್ತಿ ವಯಸ್ಸಿನ ಜೊತೆ ಇಳಿಯುವ ಗೆರೆ, ಹತ್ತು ಸಾವಿರ ಜನರ ಸರಾಸರಿ. “ನೋಡು. ಹದಿನಾರಕ್ಕ ನಿನ್ನ ಮಗಳದು ಎಂಬತ್ತೆಂಟು ಬಂದಿತ್ತು. ವರ್ಷಕ್ಕ ಹತ್ತು ಇಳೀತೈತಿ. ಹದಿಮೂರನೇದು ಬರೂ ಹೊತ್ತಿಗೆ ಅರವತ್ತರ ಮ್ಯಾಲೆ ಇರತೈತಿ. ನಲವತ್ತಿದ್ರ ಸಾಕು.”

“ಇನ್ನೊಮ್ಮೆ ಅಳಸೂಣಲ್ಲಾ?”

“ಯಾಕ? ಗೆರಿ ಐತಲ್ಲ.”

ಕಮಲಾಕ್ಷಿ ಹಾಳೆಯನ್ನೂ ಗಂಡನ ಮುಖವನ್ನೂ ನೋಡಿದಳು. ಸರಾಸರಿ ರೋಗಿ ಅಂತ ಒಬ್ಬನೂ ತನ್ನ ಕೌಂಟರಿಗೆ ಇವತ್ತಿನತನಕ ಬಂದಿಲ್ಲ ಎಂದು ಹೇಳಬೇಕೆನ್ನಿಸಿತ್ತು ಅವಳಿಗೆ. ಇಪ್ಪತ್ತೆರಡು ವರ್ಷ ಅಳೆಯುವುದನ್ನೇ ಕಸುಬು ಮಾಡಿಕೊಂಡವನಿಗೆ ಅಳತೆಯ ಬಗ್ಗೆ ತಾನೇನು ಹೇಳುವುದೆಂದು ಸುಮ್ಮನಾದಳು. ಆ ಸುಮ್ಮನಿದ್ದದ್ದನ್ನು ನೆನೆದು ಅವಳು ಆಮೇಲೆ ಎಷ್ಟೋ ಸಲ ತನ್ನ ಹಣೆ ಚಚ್ಚಿಕೊಂಡಳು.

ಹದಿನೆಂಟು ತುಂಬಿದ ದಿನ ಅಂಬಿಕಾ ಅಪ್ಪನ ಸಹಿಯಿಲ್ಲದೆ ತಾನೇ ಯಂತ್ರ ಕೊಳ್ಳುವಂತಾದಳು. ಕಮಲಾಕ್ಷಿ ಅವಳನ್ನು ಅಡುಗೆಮನೆಗೆ ಕರೆದು ಕೈಗೆ ಹಣದ ಲಕೋಟೆ ಕೊಟ್ಟಳು. “ಹೋಗವಾ, ತಗೊಂಡ್ ಬಾ. ನಿಮ್ಮಪ್ಪಗ ನಾ ಹೇಳತೇನಿ. ಬೈದ್ರ ನನಗ ಬೈಲಿ.”

ಅಂಬಿಕಾ ಹೋದಳು. ಮಧ್ಯಾಹ್ನದ ಬಿಸಿಲಲ್ಲಿ ಎರಡು ತಾಸು ಬಿಟ್ಟು ಬಂದು ಲಕೋಟೆಯನ್ನು ಹಾಗೇ ಅವ್ವನ ಮುಂದಿಟ್ಟಳು.

“ಯಾಕ? ಸ್ಟಾಕ್ ಇರಲಿಲ್ಲೇನು?”

“ಇತ್ತು. ಕೌಂಟರ್ ಮಟಾ ಹೋದೆ. ಇನ್ನ ಆರು ತಿಂಗಳಿಗೆ ಹದಿಮೂರನೇದು ಬರತೈತಂತ. ಅದರಾಗ ಎಡಗೈ ದೋಷ ಇಲ್ಲಂತ ಅಪ್ಪ ದಿನಾ ಬಡಕೋತಾನ. ನನ್ನ ಸಲುವಾಗಿ ಅಲ್ಲೇನವಾ ಅವ ಮೇಲಿನವರ ಜೋಡಿ ಜಗಳಾಡಿದ್ದು?” ಅವಳು ನೀರು ಕುಡಿದು ಲೋಟ ಇಟ್ಟಳು. “ಜನ ಗೊತ್ತಿಲ್ಲದ ಕಾಯ್ತಾರು. ನಮ್ಮಪ್ಪಗ ಗೊತ್ತೈತಿ.”

ಸಂಜೆ ಇದನ್ನು ಕೇಳಿ ಮೌನೇಶನ ಎದೆ ಉಬ್ಬಿತು. ಹುಡುಗಿಗೆ ಬುದ್ಧಿ ಬಂದಿದೆ ಎಂದು ಹೆಂಡತಿಯ ಮುಂದೆ ಎರಡೆರಡು ಸಲ ಹೇಳಿದ. ಆ ಸಂಜೆಯ ಅವನ ನಗುವನ್ನು ನೆನೆದರೆ ಮೈ ಉರಿಯುತ್ತದೆ. ಒಳ್ಳೆಯ ತಂದೆ, ಪ್ರಾಮಾಣಿಕ ಕೆಲಸಗಾರ, ಮಗಳೆಂದರೆ ಪ್ರಾಣ. ಇಷ್ಟೆಲ್ಲ ಇದ್ದೂ ಒಂದು ಮನೆಯನ್ನು ಹಾಳುಮಾಡಬಹುದು.

ಹದಿಮೂರನೆಯ ಆವೃತ್ತಿ ಹೇಳಿದ ತಿಂಗಳಿಗೇ ಬಂತು. ಆರನೇ ಮೇಜಿನ ಮೇಲೆ ಮೌನೇಶ ಅದನ್ನು ಒಂಬತ್ತು ದಿನ ಪರೀಕ್ಷಿಸಿದ. ಸಾಹೇಬರ ಎಡಗೈ ಬಲಗೈಯಷ್ಟೇ ಚುರುಕಾಗಿ ಗೆರೆ ಎಳೆಯಿತು. “ದೋಷ ಏಳು: ಇಲ್ಲ” ಎಂದು ಬರೆಯುವಾಗ ಅವನ ಪೆನ್ನು ಖುಷಿಗೆ ಕಾಗದ ಹರಿಯುವಷ್ಟು ಒತ್ತಿತು. ಕಂಪನಿಯವರು ಊಟದ ಹಾಲಿನಲ್ಲಿ ಅವನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಒಬ್ಬ ತಂದೆಯ ಕಾಳಜಿ ಲಕ್ಷ ಎಡಗೈಗಳನ್ನು ಕಾಪಾಡಿತು ಎಂದು ಭಾಷಣ ಮಾಡಿದರು. ಮರುದಿನವೇ ರಜೆ ಹಾಕಿ ಹೆಂಡತಿ ಮಗಳನ್ನು ಕರೆದುಕೊಂಡು ಅಂಗಡಿಗೆ ಹೋದ. ಈ ಸಲ ಸಾಲಿನಲ್ಲಿ ಅವನೇ ಮೊದಲಿಗ.

ಯಂತ್ರ ಕೊಡುವ ಮುಂಚೆ ಒಗ್ಗುವ ಶಕ್ತಿಯನ್ನು ಅಳೆಯುವುದು ಅಂಗಡಿಯ ಪದ್ಧತಿ. ಒಳಗಿನ ಸಣ್ಣ ಕೋಣೆಯಲ್ಲಿ ಅಂಬಿಕಾಳ ಎರಡೂ ಮಣಿಕಟ್ಟಿಗೆ ಪಟ್ಟಿ ಸುತ್ತಿ ಹತ್ತು ನಿಮಿಷ ಕೂರಿಸಿದರು. ಅಳೆಯುವ ಹೆಂಗಸು ಅಂಕಿ ನೋಡಿ ಪಟ್ಟಿ ಬಿಚ್ಚಿ ಇನ್ನೊಮ್ಮೆ ಸುತ್ತಿದಳು. ಆಮೇಲೆ ಬೇರೆ ಪಟ್ಟಿ ತಂದು ಸುತ್ತಿದಳು.

“ಮೂವತ್ತೊಂದು,” ಎಂದಳು.

ಮೌನೇಶ ನಕ್ಕ. “ನಿಮ್ಮ ಯಂತ್ರಾ ಕೆಟ್ಟೈತಿ ನೋಡ್ರಿ. ಅರವತ್ಮೂರು ಇರಬೇಕು.”

“ಮೂರು ಸಲ ನೋಡಿದೆ ಸರ್. ಎಲ್ಲಾರದೂ ಜಾರುಬಂಡಿಹಂಗ ಮೆಲ್ಲಕ ಇಳಿಯೂದಿಲ್ರಿ. ಕೆಲವರದು ಮೆಟ್ಟಿಲಿದ್ದಂಗ. ಭಾಳ ದಿನ ಇದ್ದದ್ದು ಇದ್ದಂಗ ಇರತೈತಿ, ಒಮ್ಮಿಂದೊಮ್ಮೆಲೆ ಇಳದ್ ಬಿಡತೈತಿ.” ಅವಳು ಅಂಬಿಕಾಳ ಕಡೆ ನೋಡಿದಳು, ಅಪ್ಪನ ಕಡೆ ನೋಡಲಿಲ್ಲ. “ಹೋದ ವರ್ಷ ಅಳಸಿರಲಿಲ್ಲೇನು?”

ಮೂವತ್ತೊಂದಕ್ಕೂ ಒಮ್ಮೊಮ್ಮೆ ಒಗ್ಗಿದ್ದುಂಟು, ಪ್ರಯತ್ನ ಮಾಡಲಿಕ್ಕೆ ಅಡ್ಡಿಯಿಲ್ಲ ಎಂದು ಹೆಂಗಸು ಹೇಳಿದ್ದನ್ನು ಮೌನೇಶ ಗಟ್ಟಿಯಾಗಿ ಹಿಡಿದುಕೊಂಡ. ಯಂತ್ರವನ್ನು ಮನೆಗೆ ತಂದರು. ಕಮಲಾಕ್ಷಿ ಆರತಿ ಎತ್ತಿ, ಕುಂಕುಮ ಹಚ್ಚಿ, ಅದರ ಮುಂದೆ ಸಕ್ಕರೆ ಇಟ್ಟಳು.

ತೆರೆದ ಮೊದಲ ದಿನ ಪರದೆಯ ಮೇಲೆ ಬಂದದ್ದು ಎಲ್ಲರಿಗೂ ಬರುವಂಥದ್ದೇ: “ಹೊಸ ಬಳಕೆದಾರರಿಗೆ ಸ್ವಾಗತ. ಕೈ ಇಡಿ.” ಅಂಬಿಕಾ ಕೈಯಿಟ್ಟಳು. ನಾಲ್ಕು ತಾಸು ಕೂತಳು. ಒಂದು ವಕ್ರ ಗೆರೆ ಮೂಡಿತು, ಇನ್ನೊಂದು ಮೂಡಿತು. ಎಡಗೈಯ ಗೆರೆ ತಡವಿಲ್ಲದೆ ಬಂತು. “ನೋಡಿದ್ಯಾ?” ಎಂದು ಮೌನೇಶ ಹೆಂಡತಿಯ ಕಡೆ ತಿರುಗಿದ.

ಎರಡನೆಯ ದಿನ ಬೆಳಿಗ್ಗೆ ತೆರೆದಾಗ, ಒಗ್ಗುವವರಿಗಾದರೆ ಅವರ ಹೆಸರು ಮೂಡಬೇಕಿತ್ತು. “ಹೊಸ ಬಳಕೆದಾರರಿಗೆ ಸ್ವಾಗತ. ಕೈ ಇಡಿ” ಎಂದೇ ಬಂತು. ಮೂರನೆಯ ದಿನವೂ ಅದೇ. ನಿನ್ನೆ ನಾಲ್ಕು ತಾಸು ಹಿಡಿದುಕೊಂಡಿದ್ದ ಕೈಯ ಗುರುತು ಯಂತ್ರಕ್ಕಿರಲಿಲ್ಲ. ಅಂಬಿಕಾ ತಾಸುಗಟ್ಟಲೆ ಕೂತು ‘ಖ’ದ ಹೊಟ್ಟೆಯನ್ನು ತಿದ್ದಿ ತೀಡಿ ದುಂಡಗೆ ಮಾಡಿಟ್ಟರೆ, ಮರುದಿನ ಅದು ಮೊದಲಿನಿಂದ ಕೇಳುತ್ತಿತ್ತು. ಹತ್ತನೆಯ ದಿನ, ಇಪ್ಪತ್ತನೆಯ ದಿನ. ಮೌನೇಶ ಕೆಲಸಕ್ಕೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಪರದೆಯನ್ನು ಓದಿ, ಏನೂ ಓದದವನಂತೆ ಚಪ್ಪಲಿ ಮೆಟ್ಟಿ ಹೋಗುತ್ತಿದ್ದ. ಅಂಬಿಕಾ ಒಂದು ದಿನವನ್ನೂ ತಪ್ಪಿಸಲಿಲ್ಲ. ಅತ್ತಿದ್ದರೆ ಮನೆಯವರಿಗೆ ಸಮಾಧಾನ ಹೇಳುವ ಕೆಲಸವಾದರೂ ಇರುತ್ತಿತ್ತು. ಅವಳು ಅಳಲೂ ಇಲ್ಲ.

ಮೂವತ್ತನಾಲ್ಕನೆಯ ದಿನ ಪರೀಕ್ಷಾ ಕೋಣೆಗೆ ಒಂದು ವರದಿ ಬಂತು. ಹನ್ನೆರಡನೆಯ ಆವೃತ್ತಿ ಬಳಸುತ್ತಿರುವವರ ದೂರುಗಳ ಎರಡು ವರ್ಷದ ಪಟ್ಟಿ. ಸುನಂದಾ ದೇಸಾಯಿ ಅದನ್ನು ಮೇಜಿಂದ ಮೇಜಿಗೆ ದಾಟಿಸಿದಳು. ಮೌನೇಶ ನೇರ ‘ದೋಷ ಏಳು’ ಇರುವ ಪುಟ ತೆಗೆದ. ಎಡಗೈ ಬಳಕೆದಾರರು: ಒಂದು ಲಕ್ಷ ಎಂಟು ಸಾವಿರ. ತಡದ ಬಗ್ಗೆ ದೂರು: ಸೊನ್ನೆ.

ಅವನು ಮತ್ತೆ ಓದಿದ. ಅಚ್ಚಿನ ತಪ್ಪೇ ಇರಬೇಕು ಎಂದು ವರದಿ ಹಿಡಿದು ಮುಖ್ಯಸ್ಥೆಯ ಮೇಜಿಗೆ ಹೋದ.

“ತಪ್ಪಲ್ಲರೀ,” ಎಂದಳು ಸುನಂದಾ. “ಕೆಳಗ ಟಿಪ್ಪಣಿ ಅದ ನೋಡ್ರಿ. ಒಗ್ಗಲಿಕ್ಕೆ ಕೂತ ನಾಕೈದು ದಿನದಾಗ ಮಿದುಳೇ ಹನ್ನೊಂದು ಮಿಲಿಸೆಕೆಂಡ್ ಮೊದಲ ಕೈ ಆಡಸಲಿಕ್ಕೆ ಸುರು ಮಾಡ್ತದಂತ. ಯಾರಿಗೂ ಗೊತ್ತಾಗೂದಽ ಇಲ್ಲಂತ. ಜೀವ ಇರೋ ಕೈ, ಕಲೀತದ. ನಮ್ಮ ರಬ್ಬರ್ ಕೈ ಕಲಿಯೂದಿಲ್ಲಲಾ, ಅದಕ್ಕಽ ಪ್ರತಿಸಲ ಹನ್ನೊಂದು ತೋರಸ್ತಿತ್ತು.”

ಮೌನೇಶ ತನ್ನ ಮೇಜಿಗೆ ಬಂದು ಕೂತ. ಎದುರಿಗೆ ಸಾಹೇಬರ ಕೈ ಬೆರಳು ಚಾಚಿಕೊಂಡು ಬಿದ್ದಿತ್ತು. ಇಷ್ಟು ವರ್ಷದಲ್ಲಿ ಅದಕ್ಕೆ ಒಂದು ಉಗುರು ಬೆಳೆದಿರಲಿಲ್ಲ, ಒಂದು ಅಭ್ಯಾಸ ಹತ್ತಿರಲಿಲ್ಲ. ಕಲಿಯದ, ವಯಸ್ಸಾಗದ ಆ ಕೈಯನ್ನಿಟ್ಟುಕೊಂಡು ದಿನದಿನಕ್ಕೆ ಕಲಿಯುತ್ತ, ದಿನದಿನಕ್ಕೆ ವಯಸ್ಸಾಗುತ್ತಿದ್ದ ಹುಡುಗಿಯ ಕೈಗೆ ಲೆಕ್ಕ ಹಾಕಿದ್ದ. ಯಂತ್ರದ ತಪ್ಪನ್ನೆಲ್ಲ ಕಂಡಿದ್ದ, ತನ್ನ ತಪ್ಪನ್ನು ಅಳೆಯುವ ಮೇಜು ಅಲ್ಲಿ ಇರಲಿಲ್ಲ. ಎದ್ದು ಹೊರಗೆ ಹೋಗಿ ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡೇ ಅರ್ಧ ತಾಸು ನಿಂತಿದ್ದ.

ಮನೆಗೆ ಹೋಗಿ ಅವನು ಇದನ್ನು ಮುಚ್ಚಿಡಲಿಲ್ಲ. ಅಷ್ಟರಮಟ್ಟಿಗೆ ಅವನನ್ನು ಮೆಚ್ಚಬೇಕು. ಹೆಂಡತಿ ಮಗಳಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ವರದಿಯಲ್ಲಿದ್ದದ್ದನ್ನು ಹೇಳಿದ.

ಕಮಲಾಕ್ಷಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಅಂಬಿಕಾ ಮಾತ್ರ ಕೂತೇ ಇದ್ದಳು.

“ಹಂಗಾರ ಹನ್ನೆರಡನೇದು ತಗೊಂಡಿದ್ರ ಐದು ದಿನಕ್ಕ ಸರಿ ಹೋಗತಿತ್ತು,” ಎಂದಳು.

“ಹೌದವಾ.”

“ಹದಿನೆಂಟು ತುಂಬಿದ ದಿನ ಕೌಂಟರ್ ಮ್ಯಾಲೆ ಲಕೋಟಿ ಇಟ್ಟಿದ್ದೆ. ಎತಕೊಂಡು ಬಂದೆ. ನಿನ್ನ ಮಾತು ನಂಬಿ ಎತಕೊಂಡು ಬಂದೆ, ಅಪ್ಪಾ.”

“ನಿನ್ನ ಛಲೋದಕ್ಕಂತ...”

“ಅದನ್ನೊಂದು ಹೇಳಬ್ಯಾಡ.” ಅವಳ ದನಿ ಏರಲಿಲ್ಲ. “ಬೈದ್ರ ನಿನಗ ಹಗುರ ಆಗತೈತಿ. ನಾ ಬೈಯೂದಿಲ್ಲ.”

ನಲವತ್ತೆಂಟನೆಯ ದಿನ ಬೆಳಿಗ್ಗೆ ಮೂವರೂ ಯಂತ್ರದ ಮುಂದೆ ನಿಂತರು. ಅಂಬಿಕಾ ತೆರೆದಳು. “ಹೊಸ ಬಳಕೆದಾರರಿಗೆ ಸ್ವಾಗತ. ಕೈ ಇಡಿ.” ಅವಳು ಕೈಯಿಡದೆ ಮುಚ್ಚಿದಳು. ಆ ವಾರವೇ ಮೈಸೂರಿನ ಕಾಲೇಜಿಗೆ ಕಾಗದ ಬರೆದು ಸೀಟು ಬಿಟ್ಟುಕೊಟ್ಟಳು. ಕೈಯಲ್ಲಿ ಬರೆದ ಆ ಕಾಗದದ ಅಕ್ಷರ ಎಷ್ಟು ಚೆನ್ನಾಗಿತ್ತೆಂದರೆ, ಕಾಲೇಜಿನವರು ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆಂದು ಆಮೇಲೆ ತಿಳಿಯಿತು. ಸೀಟನ್ನು ಮಾತ್ರ ಬೇರೆಯವರಿಗೆ ಕೊಟ್ಟರು.

ಖಾಲಿ ಕೈಯವರಿಗೆ ಊರಿನಲ್ಲಿ ಇದ್ದ ಕೆಲಸ ಅಷ್ಟರಲ್ಲೇ ಇತ್ತು. ಹೊರೆ ಹೊರುವುದು, ಅಡುಗೆ, ಕಸ, ರೋಗಿಗಳನ್ನು ನೋಡಿಕೊಳ್ಳುವುದು. ಬೋರ್ಡು ಬರೆಸುವವರು ಯಾರೂ ಉಳಿದಿರಲಿಲ್ಲ, ಸೋದರಮಾವನೂ ಬ್ರಶ್ಶು ಬಿಟ್ಟು ಪೇಂಟಿನ ಅಂಗಡಿಯಲ್ಲಿ ಡಬ್ಬಿ ಎತ್ತುತ್ತಿದ್ದ. ಅಂಬಿಕಾ ಏಳು ತಿಂಗಳು ಮನೆಯಲ್ಲಿ ಕೂತಳು. ಅಷ್ಟರಲ್ಲಿ ಒಂದು ದಿನ ಸುನಂದಾ ದೇಸಾಯಿ ತಾನೇ ಮನೆಗೆ ಬಂದಳು. ಚಹಾದ ಕಪ್ಪನ್ನು ಕೈಯಲ್ಲಿ ತಿರುಗಿಸುತ್ತ ತಿರುಗಿಸುತ್ತ, ಬಂದ ಕಾರಣ ಹೇಳಿದಳು.

“ಆ ವರದಿ ಬಂದ ಮ್ಯಾಲೆ ರಬ್ಬರ್ ಕೈ ತಗದ್ ಹಾಕೂದಂತ ನಿರ್ಧಾರ ಆಗೇದ. ಜೀವ ಇರೋ ಕೈ ಬೇಕು. ಬೆವರಬೇಕು, ದಣೀಬೇಕು, ತಾಸು ಎರಡು ತಾಸಿನಾಗ ಅಷ್ಟಿಷ್ಟು ಹೊಂದಿಕೋಬೇಕು. ಆದ್ರ ಒಗ್ಗಿ ಬಿಡಬಾರದು. ಯಾವ ಯಂತ್ರದ ಮುಂದ ಕೂಡ್ಸಿದ್ರೂ ಅದಕ್ಕ ಹೊಸಬರಂತಽ ಅನ್ನಿಸಬೇಕು.” ಅವಳು ಅಂಬಿಕಾಳ ಕಡೆ ನೋಡಿ ಕಣ್ಣು ಕೆಳಗಿಳಿಸಿದಳು. “ಅಂಥ ಕೈ ಸಿಗೂದು ಕಷ್ಟ. ಅದರಾಗೂ ಎಡಗೈ. ಪಗಾರ ಛಲೋ ಅದ.”

ಮೌನೇಶ “ಬ್ಯಾಡ್ರಿ ಮೇಡಂ” ಎಂದು ಎದ್ದೇ ನಿಂತ. ಆ ಮನೆಯಲ್ಲಿ ಅವನು ಬೇಡವೆಂದದ್ದು ನಡೆಯುವ ಕಾಲ ಮುಗಿದಿತ್ತು.

“ಯಾವಾಗಿಂದ ಬರಲ್ರೀ?” ಎಂದು ಕೇಳಿದಳು ಅಂಬಿಕಾ. “ಈಗ ಹೇಳ್ರಿ. ನಾ ಇನ್ನ ಯಾವುದಕ್ಕೂ ಕಾಯೂದಿಲ್ಲ.”

ಸೋಮವಾರ ಅಪ್ಪ ಮಗಳು ಒಂದೇ ಬಸ್ಸಿನಲ್ಲಿ ಹೋದರು. ಆರನೇ ಮೇಜಿನ ಮೇಲಿದ್ದ ಸಾಹೇಬರ ಕೈಯನ್ನು ಯಾರೋ ಆಗಲೇ ರಟ್ಟಿನ ಡಬ್ಬಿಗೆ ತುಂಬಿ ಮೂಲೆಗೆ ಸರಿಸಿದ್ದರು. ಅದರ ಬದಲಿಗೆ ಮೇಜಿನ ಮುಂದೆ ಒಂದು ಕುರ್ಚಿ ಹಾಕಿತ್ತು. ಅಂಬಿಕಾ ಅಪ್ಪನ ಹಳೆಯ ಸ್ವೆಟರ್ ತೊಟ್ಟು ಅದರ ಮೇಲೆ ಕೂತಳು. ಪರೀಕ್ಷೆಗೆ ಬಂದದ್ದು ಹದಿನಾಲ್ಕನೆಯ ಆವೃತ್ತಿಯ ಮೊದಲ ಕಂತು, ಹದಿನೇಳು ಯಂತ್ರಗಳು. ಮುಂದಿನ ವರ್ಷ ಅಂಗಡಿಗೆ ಬರುವಂಥವು. ಊರಿನಲ್ಲಿ ಆಗಲೇ ಜನ ಅದಕ್ಕಾಗಿ ಕಾಯಲು ತೊಡಗಿದ್ದರು.

ಮೌನೇಶ ಮೊದಲನೆಯದನ್ನು ತೆರೆದ. “ಹೊಸ ಬಳಕೆದಾರರಿಗೆ ಸ್ವಾಗತ. ಕೈ ಇಡಿ.” ರಬ್ಬರ್ ಕೈಯನ್ನು ತಗ್ಗಿನಲ್ಲಿ ಸರಿಯಾಗಿ ಕೂರಿಸುವುದು ಪರೀಕ್ಷಕನ ಕೆಲಸವಾಗಿತ್ತು. ಇಷ್ಟು ವರ್ಷದ ರೂಢಿಯಲ್ಲಿ ಅವನ ಕೈ ತಾನಾಗಿ ಮುಂದೆ ಹೋಗಿ ಮಗಳ ಎಡಗೈಯನ್ನು ಹಿಡಿಯಿತು. ಬೆರಳುಗಳು ತಣ್ಣಗಿದ್ದವು. ನಡುಬೆರಳಿನ ಪಕ್ಕದಲ್ಲಿ ಬ್ರಶ್ಶು ಹಿಡಿದು ಹಿಡಿದು ಕಟ್ಟಿದ ಗಂಟು ಇನ್ನೂ ಇತ್ತು.

ಅಂಬಿಕಾ ಮನಸ್ಸಿನಲ್ಲಿ ಒಂದು ಗೆರೆ ನೆನೆದಳು. ಪರದೆಯ ಮೇಲೆ ಅದು ಚಕ್ಕನೆ ಮೂಡಿ, ದುಂಡಗೆ ಬಾಗಿತು.

“ಹ್ಯಾಂಗೈತಿ?” ಎಂದು ಮೌನೇಶ ಕೇಳಿದ. ಹಾಗೆ ಕೇಳುವುದು ಫಾರಮ್ಮಿನಲ್ಲಿ ಇರಲಿಲ್ಲ.

“ಭಾಳ ಛಲೋ ಐತಿ, ಅಪ್ಪಾ. ಹದಿಮೂರನೇದಕ್ಕಿಂತ ಛಲೋ,” ಎಂದಳು ಅಂಬಿಕಾ, ಪರದೆಯಿಂದ ಕಣ್ಣು ತೆಗೆಯದೆ. “ಬರಕೋ.”

ಅವನು ಪೆನ್ನು ತೆಗೆದ. ಹಳೆಯ ಫಾರಮ್ಮುಗಳು ಇನ್ನೂ ಎರಡು ರೀಮು ಉಳಿದಿದ್ದುದರಿಂದ ಅವು ತೀರುವವರೆಗೆ ಅವನ್ನೇ ಬಳಸಬೇಕೆಂದು ಸೂಚನೆಯಿತ್ತು. ಮೊದಲ ಸಾಲಿನಲ್ಲಿ ಅಚ್ಚಾಗಿದ್ದ “ರಬ್ಬರ್” ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ಸಣ್ಣ ಅಕ್ಷರದಲ್ಲಿ “ಅಂಬಿಕಾ ಮೌನೇಶ ಪತ್ತಾರ, ಎಡಗೈ” ಎಂದು ಬರೆದ. ಹದಿನೇಳು ಫಾರಮ್ಮಿನಲ್ಲೂ ಹಾಗೆಯೇ ಬರೆಯಬೇಕಿತ್ತು.